ತಪ್ಪು ಅಧಿಕಾರಿಯದು, ದಂಡ ಖಜಾನೆಯದು: ಹಕ್ಕುಭಂಗದ ಮೊಕದ್ದಮೆಗಳು ಎಲ್ಲಿ ನಿಲ್ಲುತ್ತವೆ?

2025ರಲ್ಲಿ ಮೂರೂವರೆ ತಿಂಗಳ ಅಂತರದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಎರಡು ತೀರ್ಪುಗಳನ್ನು ಒಟ್ಟಿಗೆ ಓದಿದವರಿಗೆ ತಲೆ ತಿರುಗಿದರೆ ಆಶ್ಚರ್ಯವಿಲ್ಲ. ಏಪ್ರಿಲ್ 3ರಂದು ಜಿ.ಸಿ. ಮಂಜುನಾಥ್ ಪ್ರಕರಣದಲ್ಲಿ ಬೆಂಗಳೂರಿನ ನಿವೃತ್ತ ಪೊಲೀಸ್ ಅಧಿಕಾರಿಗಳ ಮೇಲಿದ್ದ ಹಲ್ಲೆಯ ಖಾಸಗಿ ಫಿರ್ಯಾದನ್ನು ಕೋರ್ಟ್ ರದ್ದು ಮಾಡಿತು. ಸರ್ಕಾರದ ಪೂರ್ವಾನುಮತಿ ಪಡೆಯದೆ ಕೇಸು ನಡೆಸಿದ್ದೇ ತಪ್ಪು ಎಂಬುದು ಅಲ್ಲಿನ ಕಾರಣ. ಜುಲೈ 21ರಂದು ಕಾಶ್ಮೀರದ ಕುಪ್ವಾರದ ವಿಚಾರಣಾ ಕೇಂದ್ರವೊಂದರಲ್ಲಿ ಆರು ದಿನ ಚಿತ್ರಹಿಂಸೆಗೆ ಒಳಗಾದ ಕಾನ್‌ಸ್ಟೆಬಲ್‌ಗೆ 50 ಲಕ್ಷ ರೂಪಾಯಿ ಪರಿಹಾರ ಕೊಡಲು ಆದೇಶಿಸಿತು. ಏಳು ದಿನದೊಳಗೆ ಸಿಬಿಐ ಎಫ್‌ಐಆರ್ ಆಗಬೇಕು, ಒಂದು ತಿಂಗಳೊಳಗೆ ಹೊಣೆಗಾರ ಪೊಲೀಸರ ಬಂಧನವಾಗಬೇಕು ಎಂದೂ ಗಡುವು ಹಾಕಿತು. ಅಲ್ಲಿ ಯಾರೂ ಪೂರ್ವಾನುಮತಿಯ ಮಾತೆತ್ತಲಿಲ್ಲ.

ಎರಡೂ ಕಡೆ ಆರೋಪ ಒಂದೇ ಜಾತಿಯದು: ಪೊಲೀಸರು ತಮ್ಮ ವಶದಲ್ಲಿದ್ದ ವ್ಯಕ್ತಿಗೆ ಹೊಡೆದರು ಎಂಬುದು. ಹಾಗಿದ್ದರೆ ಒಂದು ಕೇಸು ಬಾಗಿಲಲ್ಲೇ ಮುಗ್ಗರಿಸಿತು, ಇನ್ನೊಂದು ಗರ್ಭಗುಡಿಯವರೆಗೆ ಹೋಯಿತು, ಏಕೆ? ಕೋರ್ಟಿನ ಮನಸ್ಸು ಬದಲಾಯಿತೆಂದಲ್ಲ. ಆ ಇಬ್ಬರು ಹಿಡಿದ ದಾರಿಗಳೇ ಬೇರೆಬೇರೆ.

ಕೇಳುವ ಪ್ರಶ್ನೆ ಎರಡು

ಅಧಿಕಾರಿಯೊಬ್ಬ ನಾಗರಿಕನ ಹಕ್ಕು ಮುರಿದಾಗ ಎರಡು ಪ್ರಶ್ನೆ ಹುಟ್ಟುತ್ತವೆ. ಆದ ನಷ್ಟವನ್ನು ತುಂಬಿಕೊಡುವವರು ಯಾರು? ತಪ್ಪು ಮಾಡಿದವನಿಗೆ ಶಿಕ್ಷೆ ಏನು? ಸಾಮಾನ್ಯ ಜನ ಇವೆರಡನ್ನೂ ಸೇರಿಸಿ 'ಕೇಸು ಹಾಕುವುದು' ಎನ್ನುತ್ತಾರೆ. ಕಾನೂನಿನಲ್ಲಿ ಮಾತ್ರ ಇವು ಬೇರೆ ಬೇರೆ ಕೋರ್ಟು, ಬೇರೆ ಬೇರೆ ಕಾಯ್ದೆ, ಬೇರೆ ಬೇರೆ ಗಡುವುಗಳ ಪಾಲಾಗಿವೆ. ಹೈಕೋರ್ಟಿಗೆ ಸಂವಿಧಾನದ 226ನೇ ವಿಧಿಯಡಿ, ಸುಪ್ರೀಂ ಕೋರ್ಟಿಗೆ 32ನೇ ವಿಧಿಯಡಿ ರಿಟ್ ಅರ್ಜಿ (ಹಕ್ಕು ಕಾಯಿರೆಂದು ನೇರವಾಗಿ ಕೇಳುವ ಅರ್ಜಿ) ಹಾಕಿದರೆ ಉತ್ತರ ಕೊಡಬೇಕಾದ್ದು ಸರ್ಕಾರ. ಸಿವಿಲ್ ಕೋರ್ಟಿನಲ್ಲಿ ದಾವೆ ಹೂಡಿದರೆ ಸರ್ಕಾರ ಮತ್ತು ಅಧಿಕಾರಿ ಇಬ್ಬರೂ ಪ್ರತಿವಾದಿಗಳು. ಮ್ಯಾಜಿಸ್ಟ್ರೇಟರ ಮುಂದೆ ಖಾಸಗಿ ಫಿರ್ಯಾದು, ವಕೀಲರ ಬಾಯಲ್ಲಿ ಪಿಸಿಆರ್, ಹಾಕಿದರೆ ಕಟಕಟೆಯಲ್ಲಿ ನಿಲ್ಲುವವನು ಅಧಿಕಾರಿ ಮಾತ್ರ.

ಈ ಮೂರರಲ್ಲಿ ಸರ್ಕಾರದಿಂದ ಹಣ ಪಡೆಯುವ ದಾರಿ ಕಳೆದ ನಲವತ್ತು ವರ್ಷಗಳಲ್ಲಿ ಸಾಕಷ್ಟು ಸಲೀಸಾಗಿದೆ. ಅಧಿಕಾರಿಯನ್ನೇ ಹೊಣೆ ಮಾಡುವ ದಾರಿ ಹೆಚ್ಚುಕಡಿಮೆ ಇದ್ದಲ್ಲೇ ಇದೆ.

ಮೀರತ್‌ನ 103 ತೊಲ ಚಿನ್ನ

ಮೊದಲು ಸರ್ಕಾರವೂ ಕೊಡುತ್ತಿರಲಿಲ್ಲ. 1947ರ ಸೆಪ್ಟೆಂಬರ್‌ನಲ್ಲಿ ಅಮೃತಸರದ ಚಿನ್ನದ ವ್ಯಾಪಾರಿಯೊಬ್ಬರನ್ನು ಮೀರತ್ ಪೊಲೀಸರು ಅನುಮಾನದ ಮೇಲೆ ಹಿಡಿದು, ಅವರ ಬಳಿಯಿದ್ದ 103 ತೊಲಕ್ಕೂ ಹೆಚ್ಚು ಚಿನ್ನವನ್ನೂ ಬೆಳ್ಳಿಯನ್ನೂ ಠಾಣೆಯಲ್ಲಿಟ್ಟರು. ಬೆಳ್ಳಿ ವಾಪಸು ಬಂತು. ಚಿನ್ನ ಬರಲಿಲ್ಲ. ಮಾಲ್‌ಖಾನೆ (ಜಪ್ತಿ ಮಾಡಿದ ಮಾಲು ಇಡುವ ಕೋಣೆ) ನೋಡಿಕೊಳ್ಳುತ್ತಿದ್ದ ಹೆಡ್ ಕಾನ್‌ಸ್ಟೆಬಲ್ ಅದನ್ನು ಲಪಟಾಯಿಸಿ ಪಾಕಿಸ್ತಾನಕ್ಕೆ ಓಡಿಹೋಗಿದ್ದ. ಕಸ್ತೂರಿ ಲಾಲ್ ಪ್ರಕರಣ ಎಂದು ಹೆಸರಾದ ಈ ದಾವೆಯಲ್ಲಿ ಪೊಲೀಸರ ನಿರ್ಲಕ್ಷ್ಯ ಸಾಬೀತಾದರೂ ಸುಪ್ರೀಂ ಕೋರ್ಟ್ ನಯಾಪೈಸೆ ಕೊಡಿಸಲಿಲ್ಲ. ಬಂಧಿಸುವುದು, ಜಪ್ತಿ ಮಾಡುವುದು ಸಾರ್ವಭೌಮ ಅಧಿಕಾರದ ಕೆಲಸ. ಆ ಕೆಲಸದಲ್ಲಿ ನೌಕರ ಮಾಡಿದ ತಪ್ಪಿಗೆ ಸರ್ಕಾರ ಹೊಣೆಯಲ್ಲ ಎಂದಿತು. ಈ ವಾದದ ಬೇರು 1861ರಲ್ಲಿ ಕಲ್ಕತ್ತೆಯಲ್ಲಿ ಬಂದ ತೀರ್ಪೊಂದರಲ್ಲಿದೆ. ಹಡಗುಕಟ್ಟೆಯ ಕೆಲಸಗಾರರ ಅಜಾಗರೂಕತೆಯಿಂದ ಕುದುರೆಗೆ ಪೆಟ್ಟಾದ ಆ ಮೊಕದ್ದಮೆಯಲ್ಲಿ ಕಂಪನಿ ಸರ್ಕಾರದ ಕೆಲಸಗಳನ್ನು 'ಆಳುವ ಕೆಲಸ', 'ವ್ಯಾಪಾರದ ಕೆಲಸ' ಎಂದು ಎರಡು ಮಾಡಲಾಗಿತ್ತು. ಸಂವಿಧಾನ ಬಂದರೂ 300ನೇ ವಿಧಿಯ ಮೂಲಕ ಆ ಹಳೆಯ ನಿಯಮವೇ ಒಳಗೆ ನುಸುಳಿತು. ಸರ್ಕಾರದ ಹೊಣೆಯನ್ನು ಸ್ಪಷ್ಟಪಡಿಸುವ ಕಾಯ್ದೆ ಬೇಕೆಂದು ಕಾನೂನು ಆಯೋಗ 1956ರಲ್ಲೇ, ತನ್ನ ಮೊಟ್ಟಮೊದಲ ವರದಿಯಲ್ಲಿ, ಹೇಳಿತ್ತು. 1965 ಮತ್ತು 1967ರಲ್ಲಿ ಮಸೂದೆಗಳು ಬಂದವು, ಬಿದ್ದುಹೋದವು. ಆ ಕಾಯ್ದೆ ಇವತ್ತಿಗೂ ಇಲ್ಲ.

ಸಂಸತ್ತು ತೆರೆಯದ ಬಾಗಿಲನ್ನು ಕೋರ್ಟು ಬೇರೆ ಕಡೆಯಿಂದ ತೆರೆಯಿತು. ಬಿಹಾರದ ರುದುಲ್ ಸಾಹ್ 1968ರಲ್ಲಿ ಖುಲಾಸೆಯಾಗಿದ್ದರೂ 14 ವರ್ಷ ಜೈಲಿನಲ್ಲೇ ಉಳಿದಿದ್ದರು. 1983ರಲ್ಲಿ ಸುಪ್ರೀಂ ಕೋರ್ಟ್ 'ಸಿವಿಲ್ ದಾವೆ ಹಾಕಿಕೊಳ್ಳಿ' ಎನ್ನುವ ಬದಲು ರಿಟ್‌ನಲ್ಲೇ, ಮೊದಲು ಕೊಟ್ಟಿದ್ದ 5,000ದ ಜೊತೆಗೆ 30,000 ರೂಪಾಯಿ ಕೊಡಿಸಿತು. ಮೊತ್ತ ಚಿಕ್ಕದು, ತತ್ವ ದೊಡ್ಡದು. 1993ರ ನೀಲಾಬತಿ ಬೆಹೆರಾ ಪ್ರಕರಣದಲ್ಲಿ ಅದು ಪಕ್ಕಾ ಆಯಿತು: ಮೂಲಭೂತ ಹಕ್ಕು ಮುರಿದರೆ ಸರ್ಕಾರ ಸಾರ್ವಭೌಮತೆಯ ನೆಪ ಹೇಳುವಂತಿಲ್ಲ. ಒಡಿಶಾದಲ್ಲಿ ಪೊಲೀಸರು ಹಿಡಿದೊಯ್ದ 22 ವರ್ಷದ ಮಗನ ಶವವನ್ನು ರೈಲ್ವೆ ಹಳಿಯ ಪಕ್ಕ ಕಂಡ ಆ ತಾಯಿಗೆ ಸಿಕ್ಕಿದ್ದು ಒಂದೂವರೆ ಲಕ್ಷ. ಅಲ್ಲಿಂದ ಕುಪ್ವಾರದ 50 ಲಕ್ಷದವರೆಗಿನದು ಒಂದೇ ನೇರ ದಾರಿ.

ರಿಟ್‌ನಲ್ಲಿ ಗೆಲ್ಲುವುದು ಯಾವ ಕೇಸು

ಹಾಗೆಂದು ಅರ್ಜಿ ಹಾಕಿದವರಿಗೆಲ್ಲ ಹಣ ಸಿಗುವುದಿಲ್ಲ. ರಿಟ್‌ನಲ್ಲಿ ಸಾಕ್ಷಿಗಳನ್ನು ಕರೆಸಿ ಪಾಟಿಸವಾಲು ಮಾಡುವ ಪದ್ಧತಿ ಇಲ್ಲ. ಪ್ರಮಾಣಪತ್ರ ಮತ್ತು ದಾಖಲೆಗಳ ಮೇಲೆ ತೀರ್ಮಾನವಾಗಬೇಕು. 2006ರ ಸುಬೆ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅಳತೆಗೋಲು ಕೊಟ್ಟಿತು: ಹಕ್ಕುಭಂಗ ಕಣ್ಣಿಗೆ ರಾಚುವಂತಿರಬೇಕು, ತಳ್ಳಿಹಾಕಲಾಗದಂತಿರಬೇಕು, ಹಿಂಸೆಗೆ ವೈದ್ಯಕೀಯ ದಾಖಲೆಯ ಅಥವಾ ಗಾಯದ ಗುರುತಿನ ಆಧಾರವಿರಬೇಕು. 'ಹೊಡೆದರು', 'ಹೊಡೆಯಲಿಲ್ಲ' ಎಂಬ ಬಾಯಿಮಾತಿನ ಜಗಳವೇ ಆದರೆ ಹೈಕೋರ್ಟ್ ಸಿವಿಲ್ ಕೋರ್ಟಿನ ದಾರಿ ತೋರಿಸುತ್ತದೆ. ಕುಪ್ವಾರದ ಕಾನ್‌ಸ್ಟೆಬಲ್ ಗೆದ್ದದ್ದು ಆಸ್ಪತ್ರೆಯ ಕಾಗದಗಳಿಂದ. 'ಆತನೇ ಆತ್ಮಹತ್ಯೆಗೆ ಯತ್ನಿಸಿದ' ಎಂದು ಪೊಲೀಸರು ಎಫ್‌ಐಆರ್ ಹಾಕಿದ್ದರು. ಮೈಮೇಲಿದ್ದ ಗಾಯಗಳು ಒಬ್ಬ ತನಗೆ ತಾನೇ ಮಾಡಿಕೊಳ್ಳಲಾಗುವಂಥವಲ್ಲ ಎಂದು ವೈದ್ಯಕೀಯ ದಾಖಲೆ ಹೇಳಿತು. ಕಥೆ ಅಲ್ಲಿಗೆ ಕುಸಿಯಿತು.

ಆದ್ದರಿಂದ ಇಂಥ ಕೇಸಿನ ಹಣೆಬರಹ ಬರೆಯುವುದು ಮೊದಲ ಎರಡು ಮೂರು ದಿನಗಳು. ಬಂಧಿತನನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುತ್ತಾರೆ. 'ಪೊಲೀಸರಿಂದ ಏನಾದರೂ ತೊಂದರೆ ಆಗಿದೆಯಾ?' ಎಂಬ ಪ್ರಶ್ನೆಗೆ ಹೆದರಿ 'ಇಲ್ಲ ಸ್ವಾಮಿ' ಎಂದುಬಿಟ್ಟರೆ, ಆ ಒಂದು ಸಾಲು ರಿಮಾಂಡ್ ಆದೇಶದಲ್ಲಿ, ಅಂದರೆ ಬಂಧನ ಮುಂದುವರಿಸುವ ಆದೇಶದಲ್ಲಿ, ಉಳಿದು ವರ್ಷಗಟ್ಟಲೆ ಬೆನ್ನು ಹತ್ತುತ್ತದೆ. ಮುಂದೆ ಸರ್ಕಾರಿ ವಕೀಲರು ಮೊದಲು ತೋರಿಸುವ ಕಾಗದ ಅದೇ. ಹೇಳುವುದಿದ್ದರೆ ಅಲ್ಲೇ ಹೇಳಿ, ಆದೇಶದಲ್ಲಿ ಬರೆಸಿ, ವೈದ್ಯಕೀಯ ಪರೀಕ್ಷೆ ಕೇಳಬೇಕು. ಬಿಡುಗಡೆಯಾದವರು ಖಾಸಗಿ ಕ್ಲಿನಿಕ್ಕಿನಲ್ಲಿ ಮುಲಾಮು ಹಚ್ಚಿಸಿಕೊಂಡು ಮನೆಗೆ ಹೋದರೆ ಸಾಕ್ಷ್ಯ ಹೋಯಿತೆಂದೇ ಲೆಕ್ಕ. ಸರ್ಕಾರಿ ಆಸ್ಪತ್ರೆಯಲ್ಲಿ ಎಂಎಲ್‌ಸಿ (ಕಾನೂನು ಪ್ರಕರಣವೆಂದು ವೈದ್ಯರು ಮಾಡುವ ನೋಂದಣಿ) ಮಾಡಿಸಿ, ಗಾಯ ಹೇಗಾಯಿತೆಂಬ ಕಾಲಂನಲ್ಲಿ 'ಪೊಲೀಸರ ಹಲ್ಲೆ' ಎಂದು ಬರೆಸಬೇಕು. 'ಬಿದ್ದು ಆದ ಗಾಯ' ಎಂದು ಬಂದರೆ ವೂಂಡ್ ಸರ್ಟಿಫಿಕೇಟ್, ಅಂದರೆ ಗಾಯದ ಪ್ರಮಾಣಪತ್ರ, ತಿರುಗುಬಾಣವಾಗುತ್ತದೆ.

ಠಾಣೆಯ ಸಿಸಿಟಿವಿ ಇನ್ನೊಂದು. ಪ್ರತಿ ಠಾಣೆಯಲ್ಲೂ ಚಿತ್ರದ ಜೊತೆ ಧ್ವನಿಯೂ ದಾಖಲಾಗುವ ಕ್ಯಾಮೆರಾ ಇರಬೇಕು, ದೃಶ್ಯ 18 ತಿಂಗಳು, ಅದಾಗದಿದ್ದರೆ ಕನಿಷ್ಠ ಒಂದು ವರ್ಷ ಉಳಿಯಬೇಕು ಎಂದು 2020ರ ಡಿಸೆಂಬರ್‌ನಲ್ಲಿ ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದೆ. ಆದೇಶ ಹಾಗಿದ್ದರೂ 'ಆ ದಿನ ಕ್ಯಾಮೆರಾ ಕೆಟ್ಟಿತ್ತು' ಎಂಬ ಉತ್ತರಕ್ಕೆ ಬರವಿಲ್ಲ. ಹಾಗಾಗಿ ತಾರೀಖು, ಗಂಟೆ, ಯಾವ ಕೋಣೆ ಎಂಬುದನ್ನು ನಮೂದಿಸಿ ದೃಶ್ಯವನ್ನು ಅಳಿಸದೆ ಕಾಯ್ದಿಡಲು ಎಸ್‌ಪಿ ಅಥವಾ ಕಮಿಷನರ್‌ಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಅರ್ಜಿ ಕಳಿಸಿ ಸ್ವೀಕೃತಿ ಚೀಟಿ ಇಟ್ಟುಕೊಳ್ಳಬೇಕು. ದೃಶ್ಯ ಸಿಗದೆ ಹೋದರೂ, ಕೇಳಿದ ಮೇಲೂ ಕಾಯ್ದಿಡಲಿಲ್ಲ ಎಂಬುದೇ ಕೋರ್ಟಿನ ಮುಂದೆ ಒಂದು ವಾದವಾಗಿ ನಿಲ್ಲುತ್ತದೆ.

ಕರ್ನಾಟಕದ್ದೇ ಉದಾಹರಣೆ ಬೇಕಾದರೆ 2022ರಲ್ಲಿ ಹೈಕೋರ್ಟಿನ ಧಾರವಾಡ ಪೀಠ ಕೊಟ್ಟ ತೀರ್ಪು ನೋಡಬಹುದು. ಬೆಳಗಾವಿ ಜಿಲ್ಲೆಯ ಕಾನೂನು ವಿದ್ಯಾರ್ಥಿಯೊಬ್ಬರನ್ನು ಬಂಧಿಸಿದ ಪೊಲೀಸರು ಕೈಕೋಳ ತೊಡಿಸಿ ಜನರ ನಡುವೆ ನಡೆಸಿಕೊಂಡು ಹೋಗಿದ್ದರು. ಕೈಕೋಳ ಹಾಕುವುದು ಅನಿವಾರ್ಯವಾಗಿದ್ದರೆ ಕಾರಣವನ್ನು ಕೇಸ್ ಡೈರಿಯಲ್ಲಿ ಬರೆದಿಡಬೇಕು, ಬರೆದಿರಲಿಲ್ಲ. ಎರಡು ಲಕ್ಷ ರೂಪಾಯಿ ಪರಿಹಾರವಾಯಿತು. ಇಂಥಲ್ಲಿ ಕೈಕೋಳ ಹಾಕಿದ್ದು ಎದ್ದು ಕಾಣುತ್ತದೆ, ಕಾರಣ ಬರೆಯದಿರುವುದೂ ಎದ್ದು ಕಾಣುತ್ತದೆ. ರಿಟ್‌ಗೆ ಹೇಳಿ ಮಾಡಿಸಿದ ಕೇಸು.

ಸಿವಿಲ್ ದಾವೆ: ಎಲ್ಲರೂ ಎಡವುವ ಎರಡು ಕಲ್ಲು

ನಷ್ಟದ ಪೂರ್ತಿ ಲೆಕ್ಕ, ಅಂದರೆ ಹೋದ ಸಂಬಳ, ಆಸ್ಪತ್ರೆ ಖರ್ಚು, ಮಾನನಷ್ಟ ಬೇಕಾದವರಿಗೆ ಸಿವಿಲ್ ಕೋರ್ಟೇ ಗತಿ. ರಿಟ್‌ನಲ್ಲಿ ಸಿಕ್ಕಿದ ಹಣ ಇದಕ್ಕೆ ಅಡ್ಡಿಯಲ್ಲ. ಇಸ್ರೊ ಬೇಹುಗಾರಿಕೆಯ ಸುಳ್ಳು ಕೇಸಿನಲ್ಲಿ 1994ರಲ್ಲಿ ಬಂಧಿತರಾಗಿದ್ದ ವಿಜ್ಞಾನಿ ನಂಬಿ ನಾರಾಯಣನ್‌ಗೆ 2018ರಲ್ಲಿ ಸುಪ್ರೀಂ ಕೋರ್ಟ್ 50 ಲಕ್ಷ ಕೊಡಿಸಿತು. ಅವರು ಹೂಡಿದ್ದ ಸಿವಿಲ್ ದಾವೆಯನ್ನು ಇತ್ಯರ್ಥಪಡಿಸಿಕೊಳ್ಳಲು ಕೇರಳ ಸರ್ಕಾರ 2020ರಲ್ಲಿ ಮತ್ತೆ 1.3 ಕೋಟಿ ಕೊಟ್ಟಿತು.

ಮೊದಲ ಕಲ್ಲು ನೋಟಿಸ್. ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಂ ಪ್ರಕಾರ ಸರ್ಕಾರ ಅಥವಾ ಅಧಿಕಾರಿಯ ಮೇಲೆ ದಾವೆ ಹೂಡುವ ಎರಡು ತಿಂಗಳು ಮುಂಚೆ ಲಿಖಿತ ನೋಟಿಸ್ ಕೊಡಬೇಕು. ಕೊಡುವವರ ಹೆಸರು, ವಿವರ, ವಾಸಸ್ಥಳ, ನಡೆದದ್ದೇನು, ಕೇಳುವ ಪರಿಹಾರ ಏನು ಇವಿಷ್ಟು ಅದರಲ್ಲಿರಬೇಕು. ರಾಜ್ಯ ಸರ್ಕಾರಕ್ಕಾದರೆ ಕಾರ್ಯದರ್ಶಿಗೆ ಅಥವಾ ಜಿಲ್ಲಾಧಿಕಾರಿಗೆ, ಅಧಿಕಾರಿಗಾದರೆ ಅವರ ಕೈಗೆ ಅಥವಾ ಕಚೇರಿಗೆ ತಲುಪಿಸಬೇಕು. ತುರ್ತಿದ್ದರೆ ಕೋರ್ಟಿನ ಅನುಮತಿ ಪಡೆದು ನೋಟಿಸಿಲ್ಲದೆಯೂ ದಾವೆ ಹಾಕಬಹುದು. ಸಣ್ಣಪುಟ್ಟ ತಾಂತ್ರಿಕ ದೋಷಕ್ಕೆ ದಾವೆ ವಜಾ ಆಗುವುದಿಲ್ಲ. ನೋಟಿಸೇ ಇಲ್ಲದಿದ್ದರೆ ಆಗುತ್ತದೆ.

ಎರಡನೆಯದು ವಾಯಿದೆ, ಅಂದರೆ ದಾವೆ ಹೂಡಲು ಇರುವ ಕಾಲಮಿತಿ. ಅಕ್ರಮ ಬಂಧನಕ್ಕೆ ಪರಿಹಾರ ಕೇಳುವ ದಾವೆಗೆ ಬಂಧನ ಮುಗಿದ ದಿನದಿಂದ ಒಂದೇ ವರ್ಷ. ದುರುದ್ದೇಶದ ಮೊಕದ್ದಮೆ ಹೂಡಿದ್ದಕ್ಕಾದರೆ ಖುಲಾಸೆಯಾದ ದಿನದಿಂದ ಒಂದು ವರ್ಷ. ಸಾಮಾನ್ಯ ಹಣಕಾಸಿನ ವ್ಯಾಜ್ಯದ ಮೂರು ವರ್ಷದ ಲೆಕ್ಕ ತಲೆಯಲ್ಲಿಟ್ಟುಕೊಂಡು ಬಂದವರ ಕೇಸು ಇಲ್ಲಿ ಕಾಲಬಾಧಿತವಾಗುತ್ತದೆ. ಬಹುಮಂದಿ 'ಕ್ರಿಮಿನಲ್ ಕೇಸು ಮೊದಲು ಮುಗಿಯಲಿ' ಎಂದು ಕಾಯುತ್ತಾರೆ. ಅಷ್ಟರಲ್ಲಿ ಅಕ್ರಮ ಬಂಧನದ ವರ್ಷ ಕಳೆದಿರುತ್ತದೆ. ನೋಟಿಸಿನ ಎರಡು ತಿಂಗಳು, ಸರ್ಕಾರದ ಅನುಮತಿಗೆ ಹಿಡಿದ ಸಮಯ ಇವನ್ನು ಕಾಲಮಿತಿ ಕಾಯ್ದೆಯ 15ನೇ ಕಲಂ ಲೆಕ್ಕದಿಂದ ಕಳೆಯುತ್ತದೆ ಎಂಬುದೊಂದೇ ಸಮಾಧಾನ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವಾಗಲಿ, ರಾಜ್ಯದ ಆಯೋಗವಾಗಲಿ, ಅಲ್ಲೂ ಒಂದು ವರ್ಷವೇ. ಖರ್ಚಿಗೆ ಹೆದರುವವರು ಇದನ್ನು ತಿಳಿದಿರಬೇಕು: ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಬಂಧನದಲ್ಲಿರುವವರು ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರನ್ನು ಪಡೆಯಬಹುದು.

ಪೂರ್ವಾನುಮತಿ ಎಂಬ ಬೀಗ

ಈಗ ಏಪ್ರಿಲ್ ತೀರ್ಪಿಗೆ ಬರೋಣ. ಹಳೆಯ ಸಿಆರ್‌ಪಿಸಿಯ (ದಂಡ ಪ್ರಕ್ರಿಯಾ ಸಂಹಿತೆಯ) 197ನೇ ಕಲಂ, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 218ನೇ ಕಲಂ, ಹೇಳುವುದಿಷ್ಟು: ಸರ್ಕಾರದ ಒಪ್ಪಿಗೆಯಿಲ್ಲದೆ ಹುದ್ದೆಯಿಂದ ತೆಗೆಯಲಾಗದ ಅಧಿಕಾರಿ, ಕರ್ತವ್ಯ ನಿರ್ವಹಿಸುವಾಗ ಅಥವಾ ನಿರ್ವಹಿಸುತ್ತಿರುವಂತೆ ವರ್ತಿಸುವಾಗ ಮಾಡಿದನೆನ್ನುವ ಅಪರಾಧವನ್ನು ಸರ್ಕಾರದ ಪೂರ್ವಾನುಮತಿ ಇಲ್ಲದೆ ಕೋರ್ಟು ವಿಚಾರಣೆಗೆ ಕೈಗೆತ್ತಿಕೊಳ್ಳುವಂತಿಲ್ಲ. ನಿವೃತ್ತರಾದವರಿಗೂ ಈ ರಕ್ಷಣೆ ಉಂಟು. ಎಫ್‌ಐಆರ್ ದಾಖಲಿಸಲು, ತನಿಖೆ ನಡೆಸಲು ಈ ಕಲಂ ಅಡ್ಡ ಬರುವುದಿಲ್ಲ. ಬೀಗ ಇರುವುದು ನಂತರದ ಬಾಗಿಲಿಗೆ. ಕುಪ್ವಾರದಲ್ಲಿ ಸಿಬಿಐ ಎಫ್‌ಐಆರ್ ಮತ್ತು ಬಂಧನ ಸಾಧ್ಯವಾದದ್ದು ಇದರಿಂದ.

ಕಷ್ಟ ಇರುವುದು 'ಕರ್ತವ್ಯ' ಎಂಬ ಪದದಲ್ಲಿ. ಹೊಡೆಯುವುದು ಯಾರ ಕರ್ತವ್ಯ ಎಂದು ಓದುಗರು ಕೇಳಬಹುದು. ಕೋರ್ಟು ಕೇಳುವುದು ಬೇರೆ ಪ್ರಶ್ನೆ: ಆ ಕೃತ್ಯಕ್ಕೂ ಕರ್ತವ್ಯಕ್ಕೂ ಸಮಂಜಸವಾದ ನಂಟು ಇದೆಯೇ? ಗಲಭೆ ಚದುರಿಸಲು ಲಾಠಿ ಬೀಸಿದ ಇನ್‌ಸ್ಪೆಕ್ಟರ್ ಬೇಕಾದ್ದಕ್ಕಿಂತ ನಾಲ್ಕು ಏಟು ಹೆಚ್ಚು ಕೊಟ್ಟರೆ ನಂಟಿದೆ, ಪೂರ್ವಾನುಮತಿ ಬೇಕು. ಅದೇ ಇನ್‌ಸ್ಪೆಕ್ಟರ್ ಪಕ್ಕದ ಮನೆಯವನೊಂದಿಗಿನ ಸೈಟಿನ ಜಗಳಕ್ಕೆ ಸಮವಸ್ತ್ರದಲ್ಲೇ ಹೋಗಿ ಹೊಡೆದರೆ ನಂಟಿಲ್ಲ, ಬೇಡ. ಇವೆರಡರ ನಡುವೆ ಲಾಕಪ್ಪಿನ ಏಟು ಬರುತ್ತದೆ. ತನಿಖೆ ಕರ್ತವ್ಯವೇ, ಬಾಯಿ ಬಿಡಿಸಲು ಹೊಡೆಯುವುದು ಅಪರಾಧವೇ. ಕೆಲವು ತೀರ್ಪುಗಳು ಮೊದಲನೆಯದನ್ನು ಹಿಡಿದು ಪೂರ್ವಾನುಮತಿ ಬೇಕೆಂದಿವೆ, ಕೆಲವು ಎರಡನೆಯದನ್ನು ಹಿಡಿದು ಬೇಡವೆಂದಿವೆ. ಕಾನೂನು ನಿಜಕ್ಕೂ ಗಲಿಬಿಲಿಯಾಗಿರುವ ಜಾಗ ಇದು. ಓದುಗರ ಗೊಂದಲಕ್ಕೆ ಓದುಗರನ್ನು ದೂಷಿಸುವಂತಿಲ್ಲ.

ಹೊಸ ಸಂಹಿತೆ ಒಂದನ್ನು ಸಡಿಲಿಸಿ ಎರಡನ್ನು ಬಿಗಿ ಮಾಡಿದೆ. ಮನವಿ ತಲುಪಿದ 120 ದಿನದೊಳಗೆ ಸರ್ಕಾರ ತೀರ್ಮಾನಿಸದಿದ್ದರೆ ಅನುಮತಿ ಸಿಕ್ಕಿದಂತೆಯೇ ಎಂಬುದು ಸಡಿಲಿಕೆ. ಅಧಿಕಾರಿಯ ಮೇಲೆ ತನಿಖೆಗೆ ಆದೇಶಿಸುವ ಮುನ್ನ ಮ್ಯಾಜಿಸ್ಟ್ರೇಟ್ ಅವರ ಮೇಲಧಿಕಾರಿಯ ವರದಿ ತರಿಸಿಕೊಂಡು ಆರೋಪಿ ಅಧಿಕಾರಿಯ ಸಮಜಾಯಿಷಿಯನ್ನೂ ನೋಡಬೇಕೆಂಬುದು, ಅಂದರೆ 175(4), ಒಂದು ಬಿಗಿ. ಖಾಸಗಿ ಫಿರ್ಯಾದನ್ನು ಕೈಗೆತ್ತಿಕೊಳ್ಳುವ ಮುನ್ನವೂ ಹಾಗೆಯೇ ಮಾಡಬೇಕೆಂಬುದು, 223(2), ಇನ್ನೊಂದು. ಹೊಡೆದವನ ಸಾಹೇಬರು 'ಹಾಗೇನೂ ನಡೆದಿಲ್ಲ' ಎಂದು ಬರೆದುಕೊಟ್ಟ ಕಾಗದವನ್ನು ಮ್ಯಾಜಿಸ್ಟ್ರೇಟ್ ಬದಿಗಿಡಬಹುದು. ಬದಿಗಿಡಲು ಗಟ್ಟಿ ಕಾರಣ ಬೇಕು.

ಹೆಚ್ಚು ಜನರ ಗಮನಕ್ಕೆ ಬಾರದ ಸಂದಿಯೊಂದಿದೆ. ಲೈಂಗಿಕ ಅಪರಾಧ, ಮಾನವ ಸಾಗಣೆಯ ಜೊತೆಗೆ, ಹಳೆಯ ಐಪಿಸಿಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 199ನೇ ಕಲಂಗೂ 218ರಡಿ ಪೂರ್ವಾನುಮತಿ ಬೇಕಿಲ್ಲ. ಕರೆಸಬಾರದವರನ್ನು ತನಿಖೆಯ ಹೆಸರಲ್ಲಿ ಗೊತ್ತಿದ್ದೂ ಠಾಣೆಗೆ ಕರೆಸಿಕೊಳ್ಳುವುದು 199ರಡಿ ಅಪರಾಧ. ಆರು ತಿಂಗಳಿಂದ ಎರಡು ವರ್ಷ ಕಠಿಣ ಶಿಕ್ಷೆ. ಮಹಿಳೆಯರು, 15ರೊಳಗಿನ ಹುಡುಗರು, 60 ದಾಟಿದ ಗಂಡಸರು, ಅಂಗವಿಕಲರು, ತೀವ್ರ ಕಾಯಿಲೆಯವರು ಇವರನ್ನು ಸಾಕ್ಷಿ ಹೇಳಲು ಅವರ ಮನೆಯಲ್ಲಲ್ಲದೆ ಬೇರೆಡೆಗೆ ಬರುವಂತೆ ಬಲವಂತ ಮಾಡುವಂತಿಲ್ಲ. ಮಗ ಸಿಗಲಿಲ್ಲವೆಂದು ಅಪ್ಪನನ್ನು ಠಾಣೆಯಲ್ಲಿ ಕೂರಿಸಿಕೊಳ್ಳುವ ವಾಡಿಕೆ ಎಷ್ಟು ಹಳೆಯದೆಂದು ಗೊತ್ತಿರುವವರಿಗೆ ಈ ಕಲಮಿನ ಬೆಲೆ ಗೊತ್ತಾಗುತ್ತದೆ.

ಕರ್ನಾಟಕದಲ್ಲಿ ಎರಡನೇ ಬೀಗ

218ನೇ ಕಲಂ ಎಲ್ಲ ಪೊಲೀಸರನ್ನೂ ಕಾಯುವುದಿಲ್ಲ. ಕಾನ್‌ಸ್ಟೆಬಲ್, ಪಿಎಸ್‌ಐ ಮೊದಲಾದವರನ್ನು ಇಲಾಖೆಯ ಹಿರಿಯ ಅಧಿಕಾರಿಗಳೇ ವಜಾ ಮಾಡಬಹುದಾದ್ದರಿಂದ, ಸರ್ಕಾರ ಪ್ರತ್ಯೇಕ ಅಧಿಸೂಚನೆ ಹೊರಡಿಸದಿದ್ದರೆ ಅವರು ಅದರ ಹೊರಗೆ. ಇಷ್ಟು ಓದಿಕೊಂಡು ಬೆಂಗಳೂರಿನಲ್ಲೋ ಕಲಬುರಗಿಯಲ್ಲೋ ಖಾಸಗಿ ಫಿರ್ಯಾದು ಹಾಕಿದವರು ಕರ್ನಾಟಕ ಪೊಲೀಸ್ ಕಾಯ್ದೆ 1963ರ 170ನೇ ಕಲಮಿಗೆ ಡಿಕ್ಕಿ ಹೊಡೆಯುತ್ತಾರೆ. ಅಧಿಕಾರದ ಹೆಸರಲ್ಲಿ ಅಥವಾ ಅಧಿಕಾರ ಮೀರಿ ಮಾಡಿದ ಕೃತ್ಯಕ್ಕೆ ಸರ್ಕಾರದ ಪೂರ್ವಾನುಮತಿ ಇಲ್ಲದೆ ಕ್ರಿಮಿನಲ್ ಕೇಸನ್ನಾಗಲಿ, ಸಿವಿಲ್ ದಾವೆಯನ್ನಾಗಲಿ ಕೋರ್ಟು ಪುರಸ್ಕರಿಸುವಂತಿಲ್ಲ ಎನ್ನುತ್ತದೆ ಅದು. ದಾವೆಗೆ ಎರಡು ತಿಂಗಳ ನೋಟಿಸೂ ಬೇಕು. ದರ್ಜೆಯ ಭೇದವಿಲ್ಲ, ಕಾನ್‌ಸ್ಟೆಬಲ್‌ನಿಂದ ಕಮಿಷನರ್‌ವರೆಗೆ ಎಲ್ಲರಿಗೂ ಅನ್ವಯ. 'ಅಧಿಕಾರ ಮೀರಿ' ಎಂಬ ಮಾತು ಕಲಮಿನಲ್ಲೇ ಇರುವುದರಿಂದ, ಮಿತಿ ಮೀರಿದ್ದಾರೆ ಎಂಬ ದೂರುದಾರರ ವಾದವೇ ಪೊಲೀಸರ ಗುರಾಣಿಯಾಗುತ್ತದೆ. 2020ರ ಡಿ. ದೇವರಾಜ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 197 ಮತ್ತು 170 ಎರಡನ್ನೂ ಜೋಡಿಸಿ ಬೆಂಗಳೂರಿನ ಪೊಲೀಸ್ ಅಧಿಕಾರಿಯ ಮೇಲಿನ ಕೇಸು ರದ್ದು ಮಾಡಿತು. 2025ರ ಮಂಜುನಾಥ್ ತೀರ್ಪು ಅದೇ ಹೆಜ್ಜೆಯಲ್ಲಿ ನಡೆಯಿತು.

ಎರಡೂ ಕಡೆಯ ಮಾತು

ಪೊಲೀಸರ ವಾದವನ್ನು ಸುಮ್ಮನೆ ತಳ್ಳಿಹಾಕಲಾಗದು. ಬಂಧಿತರಾದ ಮೇಲೆ ಸೇಡಿಗೆ, ತನಿಖೆ ನಿಧಾನವಾಗಲೆಂಬ ಲೆಕ್ಕಾಚಾರಕ್ಕೆ ಹಾಕುವ ಫಿರ್ಯಾದುಗಳು ಇವೆ. ಖಾಸಗಿ ಫಿರ್ಯಾದಿಗೆ ಒಂದು ಅರ್ಜಿ, ಒಂದು ಪ್ರಮಾಣಿತ ಹೇಳಿಕೆ ಸಾಕು. ಆಮೇಲೆ ಅಧಿಕಾರಿ ವರ್ಗವಾದ ಊರಿನಿಂದ ವಿಚಾರಣೆಯ ಪ್ರತಿ ತಾರೀಖಿಗೂ ಬರಬೇಕು. ಗಲಭೆಯಲ್ಲಿ ಕ್ಷಣದಲ್ಲಿ ತೆಗೆದುಕೊಂಡ ತೀರ್ಮಾನವನ್ನು ವರ್ಷಗಳ ಮೇಲೆ ತಕ್ಕಡಿಗೆ ಹಾಕುವುದು ಅನ್ಯಾಯ, ಸೋಸುವ ಜರಡಿ ಇಲ್ಲದಿದ್ದರೆ ಯಾರೂ ಕೈ ಹಾಕಿ ಕೆಲಸ ಮಾಡುವುದಿಲ್ಲ ಎಂಬುದು ಆ ಕಡೆಯ ಮಾತು.

ಜರಡಿ ಬೇಕೆಂಬುದನ್ನು ಈ ಕಡೆಯವರೂ ಒಪ್ಪುತ್ತಾರೆ. ತಕರಾರಿರುವುದು ಅದನ್ನು ಯಾರ ಕೈಗೆ ಕೊಟ್ಟಿದೆ ಎಂಬುದರಲ್ಲಿ. ಪೂರ್ವಾನುಮತಿಯ ಕಡತ ಸಿದ್ಧವಾಗುವುದು ಒಳಾಡಳಿತ ಇಲಾಖೆಯಲ್ಲಿ, ಅದಕ್ಕೆ ವರದಿ ಬರುವುದು ಅದೇ ಪೊಲೀಸ್ ಇಲಾಖೆಯಿಂದ. ಪೂರ್ವಾನುಮತಿಯ ತಕರಾರನ್ನು ಕೇಸಿನ ಯಾವ ಹಂತದಲ್ಲಾದರೂ ಎತ್ತಬಹುದಾದ್ದರಿಂದ ಹತ್ತು ವರ್ಷ ನಡೆದ ಕೇಸು ಕೂಡ ಸೊನ್ನೆಗೆ ಮರಳಬಹುದು. ವಶದಲ್ಲಿದ್ದವನ ಮೈಮೇಲೆ ಗಾಯವಿದ್ದರೆ ಪೊಲೀಸರೇ ಮಾಡಿದ್ದೆಂದು ಭಾವಿಸಿ, ಅಲ್ಲವೆಂದು ತೋರಿಸುವ ಭಾರವನ್ನು ಅವರ ಮೇಲೆ ಹಾಕಬೇಕೆಂದು ಕಾನೂನು ಆಯೋಗ 1985ರಲ್ಲೇ ಶಿಫಾರಸು ಮಾಡಿತ್ತು. 2023ರ ಹೊಸ ಸಾಕ್ಷ್ಯ ಕಾಯ್ದೆಯಲ್ಲೂ ಅದಕ್ಕೆ ಜಾಗ ಸಿಗಲಿಲ್ಲ. ಚಿತ್ರಹಿಂಸೆ ವಿರುದ್ಧದ ವಿಶ್ವಸಂಸ್ಥೆಯ ಒಪ್ಪಂದಕ್ಕೆ ಭಾರತ 1997ರಲ್ಲಿ ಸಹಿ ಹಾಕಿತು, ಅದನ್ನು ಸ್ಥಿರೀಕರಿಸಲಿಲ್ಲ. 2010ರಲ್ಲಿ ಲೋಕಸಭೆ ಅಂಗೀಕರಿಸಿದ ಮಸೂದೆ ರಾಜ್ಯಸಭೆಯಲ್ಲಿ ಸಮಿತಿಗೆ ಹೋಗಿ ಅಲ್ಲೇ ಮುಗಿಯಿತು.

ಅಮೆರಿಕದಲ್ಲಿರುವ ಕನ್ನಡಿಗರು ಅಲ್ಲಿಯ ಸುದ್ದಿ ನೋಡಿ 'ಇಲ್ಲಿ ಅಧಿಕಾರಿಯ ಹೆಸರಲ್ಲೇ ದಾವೆ ಹಾಕಬಹುದು' ಎನ್ನುವುದುಂಟು. ನಿಜ, ರಾಜ್ಯ ಮತ್ತು ನಗರದ ಅಧಿಕಾರಿಗಳ ಮೇಲೆ ಹಾಗೆ ದಾವೆ ಹಾಕಲು 1871ರ ಕಾಯ್ದೆಯೇ ಅಲ್ಲಿದೆ, ಸರ್ಕಾರದ ಅನುಮತಿ ಬೇಕಿಲ್ಲ. ಆದರೆ ಹಕ್ಕು ಆ ಹೊತ್ತಿಗೆ ಸ್ಪಷ್ಟವಾಗಿ ಸ್ಥಾಪಿತವಾಗಿತ್ತೆಂದು ತೋರಿಸದಿದ್ದರೆ ಅಧಿಕಾರಿಗೆ ವಿನಾಯಿತಿ ಸಿಗುತ್ತದೆ, ಸೋತರೂ ಸಾಮಾನ್ಯವಾಗಿ ಹಣ ಕಟ್ಟುವುದು ಆ ನಗರಾಡಳಿತ. ಕೇಂದ್ರದ ಅಧಿಕಾರಿಗಳ ಮೇಲಿನ ಬಾಗಿಲನ್ನು ಅಲ್ಲಿನ ಸುಪ್ರೀಂ ಕೋರ್ಟ್ 2022ರಲ್ಲಿ ಇನ್ನಷ್ಟು ಕಿರಿದು ಮಾಡಿತು. ದಾರಿ ಬೇರೆ, ಕೊನೆಗೆ ತೆರುವ ಖಜಾನೆ ಒಂದೇ ಬಗೆಯದು.

ಜೇಬಿಗೆ ಕೈ ಹಾಕಲು ಹೋದಾಗ

ನಮ್ಮ ಕೋರ್ಟುಗಳು ಅಧಿಕಾರಿಯ ಜೇಬಿಗೆ ಕೈ ಹಾಕಲು ಯತ್ನಿಸಿಲ್ಲವೆಂದಲ್ಲ. 1993ರಲ್ಲೇ ಲಖನೌ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ, ನೌಕರನ ಕಿರುಕುಳಕ್ಕೆ ತೆರಿಗೆದಾರರೇಕೆ ದಂಡ ತೆರಬೇಕು, ಅವನಿಂದಲೇ ವಸೂಲಿ ಮಾಡಿ ಎಂದಿತ್ತು ಸುಪ್ರೀಂ ಕೋರ್ಟ್. 1996ರಲ್ಲಿ ಪೆಟ್ರೋಲ್ ಬಂಕ್ ಹಂಚಿಕೆಯಲ್ಲಿ ಮನಬಂದಂತೆ ನಡೆದುಕೊಂಡಿದ್ದಕ್ಕೆ ಮಾಜಿ ಸಚಿವ ಸತೀಶ್ ಶರ್ಮಾಗೆ ಸ್ವಂತ ಹಣದಿಂದ 50 ಲಕ್ಷ ಕಟ್ಟಲು ಹೇಳಿತು. ಮೂರು ವರ್ಷದ ನಂತರ ಮರುಪರಿಶೀಲನೆಯಲ್ಲಿ ಆ ಆದೇಶವನ್ನು ತಾನೇ ಹಿಂತೆಗೆದುಕೊಂಡಿತು. 2024ರ ನವೆಂಬರ್ 13ರ ಬುಲ್ಡೋಜರ್ ತೀರ್ಪು, 15 ದಿನದ ನೋಟಿಸಿಲ್ಲದೆ ಮನೆ ಕೆಡವಿದ ಅಧಿಕಾರಿ ಸ್ವಂತ ಖರ್ಚಿನಲ್ಲಿ ಅದನ್ನು ಮತ್ತೆ ಕಟ್ಟಿಸಿಕೊಡಬೇಕು ಎಂದಿತು. ನಾಲ್ಕೂವರೆ ತಿಂಗಳ ಬಳಿಕ, 2025ರ ಏಪ್ರಿಲ್ 1ರಂದು, 2021ರಲ್ಲಿ ಪ್ರಯಾಗ್‌ರಾಜ್‌ನಲ್ಲಿ ಕೆಡವಿದ ಮನೆಗಳ ಕೇಸು ತೀರ್ಮಾನವಾದಾಗ ಪ್ರತಿ ಮಾಲೀಕರಿಗೆ 10 ಲಕ್ಷ ಕೊಡಬೇಕಾದ್ದು ಅಭಿವೃದ್ಧಿ ಪ್ರಾಧಿಕಾರ ಎಂದಾಯಿತು.

ಇದಕ್ಕೆ ಕಾರಣ ಅಷ್ಟೇನೂ ಗೂಢವಲ್ಲ. ಒಬ್ಬನ ಜೇಬಿನಿಂದ ಹಣ ತೆಗೆಯಬೇಕಾದರೆ ಅವನ ಮಾತು ಕೇಳಲೇಬೇಕು. ಅರ್ಜಿಯಲ್ಲಿ ಪ್ರತಿವಾದಿಯಾಗಿ 'ಠಾಣಾಧಿಕಾರಿ' ಎಂದು ಹುದ್ದೆ ಮಾತ್ರ ಬರೆದಿದ್ದರೆ ಅದು ಆ ಕುರ್ಚಿಯಲ್ಲಿ ಇವತ್ತು ಕೂತವರಿಗೆ ಹೋಗುತ್ತದೆ, ಅಂದು ಹೊಡೆದವರಿಗೆ ಹೋಗುವುದಿಲ್ಲ. ದುರುದ್ದೇಶದ ಆರೋಪವಿದ್ದರೆ ಅಧಿಕಾರಿಯನ್ನು ಹೆಸರು ಹಿಡಿದೇ ಪಕ್ಷಗಾರನನ್ನಾಗಿ ಮಾಡಬೇಕು. ಹಾಗೆ ಮಾಡದ ಅರ್ಜಿಗಳಲ್ಲಿ ಕೋರ್ಟು 'ಸರ್ಕಾರ ಕೊಡಲಿ, ಇಲಾಖಾ ವಿಚಾರಣೆ ಮಾಡಿ ಹೊಣೆಗಾರರಿಂದ ವಸೂಲಿ ಮಾಡಿಕೊಳ್ಳಲಿ' ಎಂದು ಬಿಡುತ್ತದೆ. ಧಾರವಾಡ ಪೀಠ ಮತ್ತು ಕುಪ್ವಾರದ ತೀರ್ಪುಗಳೆರಡರಲ್ಲೂ ವಸೂಲಿ ವಿಚಾರಣೆಯ ನಂತರದ ಮಾತು. ಆ ವಿಚಾರಣೆಯಲ್ಲಿ ನೊಂದವರಿಗೆ ಪಾತ್ರವಿಲ್ಲ. ಅಷ್ಟರಲ್ಲಿ ಅವರಿಗೆ ಹಣ ಬಂದಿರುತ್ತದೆ, ಬೆನ್ನು ಹತ್ತುವ ಒತ್ತಾಯ ಯಾರಿಗೂ ಉಳಿದಿರುವುದಿಲ್ಲ.

ಮುಂದೆ ಏನಾಗಬಹುದು

ರಿಟ್‌ನಲ್ಲಿ ಕೊಡಿಸುವ ಮೊತ್ತಗಳು ಏರುತ್ತಲೇ ಹೋಗುವ ಸಂಭವವಿದೆ. ಕುಪ್ವಾರದ 50 ಲಕ್ಷ ಈಗ ಹೈಕೋರ್ಟುಗಳಲ್ಲಿ ಹೋಲಿಕೆಗೆ ಸಿಗುವ ಅಂಕಿ. ಮೊತ್ತ ಏರಿದಷ್ಟೂ ಸರ್ಕಾರಗಳು 'ಇದು ವಿವಾದಿತ ಸಂಗತಿ, ಸಿವಿಲ್ ಕೋರ್ಟಿಗೆ ಕಳಿಸಿ' ಎಂದು ಹೆಚ್ಚು ಗಟ್ಟಿಯಾಗಿ ವಾದಿಸುತ್ತವೆ. ಕ್ರಿಮಿನಲ್ ಕಡೆಯಲ್ಲಿ ಜಗಳ ಪೂರ್ತಿ 120 ದಿನಗಳ ಸುತ್ತ ನಡೆಯಲಿದೆ. ಮನವಿ ತಲುಪಿದ ದಿನದಿಂದ ಎಣಿಕೆ ಶುರುವಾಗುವುದರಿಂದ ವಿಧಾನಸೌಧದ ಟಪಾಲು ವಿಭಾಗದ ಮುದ್ರೆ, ಸಂಖ್ಯೆ, ತಾರೀಖು ಇರುವ ಪ್ರತಿ ಕೈಯಲ್ಲಿರಬೇಕು. 'ದಾಖಲೆ ಅಪೂರ್ಣ' ಎಂದು ಕಡತ ವಾಪಸಾದರೆ ಎಣಿಕೆ ಹೊಸದಾಗಿ ಶುರುವೇ ಎಂಬ ತಕರಾರು ಬಂದೇ ಬರುತ್ತದೆ. ಫಿರ್ಯಾದಿನ ಪ್ರತಿ, ವೂಂಡ್ ಸರ್ಟಿಫಿಕೇಟ್, ರಿಮಾಂಡ್ ಆದೇಶದ ದೃಢೀಕೃತ ನಕಲು ಎಲ್ಲವನ್ನೂ ಪುಟಸಂಖ್ಯೆ ಹಾಕಿ ಮೊದಲ ಸಲವೇ ಲಗತ್ತಿಸುವುದು ಅದಕ್ಕೇ.

ಕರ್ನಾಟಕದಲ್ಲಿ ಪೊಲೀಸರ ಮೇಲೆ ಹೋಗುವವರು ಮನವಿಯಲ್ಲಿ 218 ಮತ್ತು 170 ಎರಡನ್ನೂ ನಮೂದಿಸಿ ಅನುಮತಿ ಕೇಳಬೇಕು. 120 ದಿನ ಮುಗಿದ ಮರುದಿನ ಅನುಮತಿ ಸಿಕ್ಕಂತಾಯಿತೆಂದು ಕೋರ್ಟಿಗೆ ಹೋದರೆ ಪೊಲೀಸರ ಪರ ವಕೀಲರು ಎತ್ತುವ ಮೊದಲ ಪ್ರಶ್ನೆ ಈಗಲೇ ಊಹಿಸಬಹುದು: ಆ ಗಡುವು ಇರುವುದು ಕೇಂದ್ರದ ಸಂಹಿತೆಯಲ್ಲಿ, 1963ರ ರಾಜ್ಯ ಕಾಯ್ದೆಯ 170ನೇ ಕಲಮಿನಲ್ಲಿ ಅಂಥ ಗಡುವು ಎಲ್ಲಿದೆ?